ಬಾಯಿಯಷ್ಟು ತುತ್ತು: ಮನೆಯ ರೀಫ್ ಅಕ್ವೇರಿಯಂನಲ್ಲಿ ಕಲ್ಲುಹವಳಗಳಿಗೆ ಆಹಾರ ಕೊಡುವ ಸಮಗ್ರ ಮಾರ್ಗದರ್ಶಿ

ಕಲ್ಲುಹವಳಕ್ಕೆ ಒಳ್ಳೆಯ ಬೆಳಕೊಂದಿದ್ದರೆ ಸಾಕು, ಊಟದ ಗೊಡವೆ ಬೇಡ ಎಂದು ನಂಬಿ ನಾನು ಮೊದಲ ಒಂದೂವರೆ ವರ್ಷ ನನ್ನ 200 ಲೀಟರಿನ ಸಮುದ್ರನೀರಿನ ಟ್ಯಾಂಕನ್ನು ನಡೆಸಿದೆ. ಹವಳಗಳು ಸಾಯಲಿಲ್ಲ, ಆದರೆ ಬೆಳೆಯಲೂ ಇಲ್ಲ. ಮಾಂಸಲ ಭಾಗ ತೆಳ್ಳಗಾಗಿ ಅಡಿಯ ಅಸ್ಥಿಯ ಅಂಚುಗಳು ಚರ್ಮದೊಳಗಿನಿಂದ ಎದ್ದು ಕಾಣತೊಡಗಿದವು. ಆಮೇಲೆ ಉಣಿಸಲು ಹಿಡಿದೆ, ಮಿತಿ ಮೀರಿ ಉಣಿಸಿದೆ, ಅದರ ದಂಡವನ್ನೂ ತೆತ್ತೆ. ಆ ಎರಡು ತಪ್ಪುಗಳಿಂದ ನಾನು ಕಲಿತದ್ದು ಇಷ್ಟು: ಆಹಾರವನ್ನು ಹವಳದ ಬಾಯಿಗೆ ಕೊಡಬೇಕು, ನೀರಿಗೆ ಕೊಡಬಾರದು, ತುತ್ತಿನ ಗಾತ್ರವನ್ನು ಬಾಯಿ ನೋಡಿ ನಿರ್ಧರಿಸಬೇಕು, ಒಟ್ಟು ಪ್ರಮಾಣವನ್ನು ಟ್ಯಾಂಕಿನ ಅರಗಿಸಿಕೊಳ್ಳುವ ಶಕ್ತಿ ನೋಡಿ ನಿರ್ಧರಿಸಬೇಕು. ಮೇ ತಿಂಗಳಲ್ಲಿ ತಾಪಮಾನ 42 ಡಿಗ್ರಿ ದಾಟುವ, ಗಾಳಿ ಬೀಸಿದರೆ ಕರೆಂಟ್ ಹೋಗುವ ಕಲಬುರಗಿಯಂತಹ ಊರಿನಲ್ಲಿ ಈ ಎರಡನೆಯ ಲೆಕ್ಕ ಮೊದಲನೆಯದಕ್ಕಿಂತಲೂ ಮುಖ್ಯ.

ಹವಳವನ್ನು ತರುವ ಮುನ್ನ

ಆಹಾರದ ಮಾತಿಗಿಂತ ಮೊದಲು ಕಾನೂನಿನ ಮಾತನ್ನು ಹೇಳಲೇಬೇಕು. ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳನ್ನು ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಿಂದಾಗಲಿ, ಲಕ್ಷದ್ವೀಪ, ಮನ್ನಾರ್ ಕೊಲ್ಲಿ ಅಥವಾ ಅಂಡಮಾನಿನಿಂದಾಗಲಿ ಹವಳದ ಒಂದು ಚೂರನ್ನು ತರುವುದೂ ಅಪರಾಧ. ಹೊರದೇಶಗಳಲ್ಲಿ ಬೆಳೆಸಿದ ಕಲ್ಲುಹವಳಗಳೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿದವು, ಅವುಗಳ ಆಮದಿಗೆ ಪರವಾನಗಿ ಬೇಕು. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಇಂತಹ ಜೀವಿಗಳನ್ನು ಇಟ್ಟುಕೊಳ್ಳುವವರ ಮೇಲೂ ನೋಂದಣಿಯ ಹೊಣೆ ಬಂದಿದೆ. ಆದ್ದರಿಂದ ಕಾಗದಪತ್ರ ತೋರಿಸದ ಮಾರಾಟಗಾರರಿಂದ ಏನನ್ನೂ ಕೊಳ್ಳಬೇಡಿ, ಕೊಳ್ಳುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಸಮುದ್ರದಿಂದ ಕದ್ದು ತಂದ ಹವಳಕ್ಕೆ ಎಷ್ಟು ಪ್ರೀತಿಯಿಂದ ಉಣಿಸಿದರೂ ಅದು ಸಾಕಣೆ ಎನಿಸಿಕೊಳ್ಳುವುದಿಲ್ಲ.

ಕಲ್ಲಿನೊಳಗಿನ ಪ್ರಾಣಿ

ನಮ್ಮ ಅವ್ವ ಮೊದಲ ಸಲ ನಾನು ಸಿರಿಂಜಿನಿಂದ ಆಹಾರ ಬಿಡುವುದನ್ನು ನೋಡಿದಾಗ "ಕಲ್ಲಿಗಿ ಯಾಕ ಉಣಸಲಾಕತ್ತಿ?" ಎಂದು ಕೇಳಿದ್ದಳು. ಆಕೆಯ ಪ್ರಶ್ನೆ ನ್ಯಾಯವಾದದ್ದೇ. ನಾವು ನಿಂತಿದ್ದ ನೆಲದ ಶಹಾಬಾದಿ ಕಲ್ಲೂ ಹವಳದ ಅಸ್ಥಿಯೂ ಮೂಲತಃ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಆದರೆ ಶಹಾಬಾದಿನ ಸುಣ್ಣಕಲ್ಲು ಭೂಮಿಯ ಮೇಲೆ ಹವಳಗಳು ಹುಟ್ಟುವುದಕ್ಕೂ ಬಹು ಹಿಂದಿನ ಕೆಸರು ಗಟ್ಟಿಯಾಗಿ ಆದದ್ದು. ಹವಳದ ಕಲ್ಲನ್ನು ಮಾತ್ರ ಅದರ ಮೇಲೆ ತೆಳ್ಳಗೆ ಹರಡಿಕೊಂಡಿರುವ ಒಂದು ಪ್ರಾಣಿ ದಿನದಿನವೂ ಕಟ್ಟುತ್ತದೆ. ಆ ಪ್ರಾಣಿಯ ಒಂದೊಂದು ಘಟಕವೇ ಪಾಲಿಪ್. ಪಾಲಿಪಿಗೆ ನಡುವೆ ಒಂದು ಬಾಯಿ, ಸುತ್ತ ಗ್ರಹಣಾಂಗಗಳು, ಗ್ರಹಣಾಂಗಗಳ ತುಂಬ ಕುಟುಕು ಕೋಶಗಳು. ಉಣ್ಣುವುದಕ್ಕೂ ಉಂಡು ಉಳಿದದ್ದನ್ನು ಹೊರಹಾಕುವುದಕ್ಕೂ ಅದಕ್ಕೆ ಇರುವುದು ಆ ಒಂದೇ ಬಾಯಿ. ಈ ಸಂಗತಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪಾಲಿಪಿನ ಅಂಗಾಂಶದೊಳಗೆ ಝೂಕ್ಸಾಂಥೆಲ್ಲೆ ಎಂಬ ಏಕಕೋಶ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಲ್ಲಿ ಸಕ್ಕರೆ ಮತ್ತು ಕೊಬ್ಬನ್ನು ತಯಾರಿಸಿ ಬಹುಪಾಲನ್ನು ಹವಳಕ್ಕೆ ಕೊಡುತ್ತವೆ. ಒಳ್ಳೆಯ ಬೆಳಕಿನಲ್ಲಿ ಹವಳದ ದಿನನಿತ್ಯದ ಶಕ್ತಿಯ ಅಗತ್ಯದಲ್ಲಿ ಹೆಚ್ಚಿನ ಪಾಲು ಇದರಿಂದಲೇ ನೀಗುತ್ತದೆ. ಆದರೆ ಸಕ್ಕರೆ ಇಂಧನವಾಗುತ್ತದೆಯೇ ಹೊರತು ಮೈ ಬೆಳೆಸುವುದಿಲ್ಲ. ಅಂಗಾಂಶ ಕಟ್ಟಲು ಸಾರಜನಕ ಬೇಕು, ರಂಜಕ ಬೇಕು, ಪ್ರೋಟೀನ್ ಬೇಕು. ಅವನ್ನು ಹವಳ ರಾತ್ರಿಯ ಹೊತ್ತು ತೇಲಿಬರುವ ಪ್ರಾಣಿಪ್ಲವಕಗಳನ್ನು, ಅಂದರೆ ಸೂಕ್ಷ್ಮ ಪ್ರಾಣಿಗಳನ್ನು, ಹಿಡಿದು ತಿಂದು ಪಡೆಯುತ್ತದೆ, ನೀರಿನಲ್ಲಿ ಕರಗಿದ ಅಮೋನಿಯಂನಿಂದಲೂ ಪಡೆಯುತ್ತದೆ. ಒಬ್ಬ ಮನುಷ್ಯ ಬೆಲ್ಲವೊಂದನ್ನೇ ತಿಂದು ಓಡಾಡಬಹುದು, ಆದರೆ ಬೇಳೆಯಿಲ್ಲದೆ ಮೈ ತುಂಬಿಕೊಳ್ಳಲಾರ. ತೊಗರಿಯ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ತಿಳಿವಳಿಕೆ ಒಮ್ಮೆಲೇ ಬಂದದ್ದಲ್ಲ. 1928–29ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿಗೆ ಹೋಗಿದ್ದ ಬ್ರಿಟಿಷ್ ವಿಜ್ಞಾನಿಗಳ ತಂಡದ ನಾಯಕ ಮಾರಿಸ್ ಯಂಗ್, ಹವಳಗಳು ಅಪ್ಪಟ ಮಾಂಸಾಹಾರಿಗಳು, ಪಾಚಿಗಳಿಂದ ಅವಕ್ಕೆ ಆಹಾರ ದೊರೆಯುವುದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದರು. ಮುಂದೆ ವಿಕಿರಣಶೀಲ ಇಂಗಾಲವನ್ನು ಬಳಸಿದ ಪ್ರಯೋಗಗಳು ಪಾಚಿಯಿಂದ ಪ್ರಾಣಿಗೆ ಆಹಾರ ದಾಟುವುದನ್ನು ತೋರಿಸಿದ ಮೇಲೆ ಅಭಿಪ್ರಾಯ ಇನ್ನೊಂದು ತುದಿಗೆ ಜಿಗಿದು, ಬೆಳಕೇ ಸರ್ವಸ್ವ ಎಂಬ ನಂಬಿಕೆ ಸಾಕುವವರಲ್ಲಿ ಬೇರೂರಿತು. ಸ್ಟೈಲೊಫೊರಾದಂತಹ ಹವಳಗಳ ಮೇಲೆ ನಡೆದ ಈಚಿನ ಪ್ರಯೋಗಗಳಲ್ಲಿ, ಒಂದೇ ಬೆಳಕಿನಲ್ಲಿ ಇಟ್ಟರೂ ಪ್ಲವಕ ಉಣಿಸಿದ ಹವಳಗಳು ಉಣಿಸದವುಗಳಿಗಿಂತ ಬೇಗ ಅಸ್ಥಿ ಕಟ್ಟುವುದು ಕಂಡುಬಂದಿದೆ. ಬೆಳಕೂ ಬೇಕು, ತುತ್ತೂ ಬೇಕು.

ಮೊದಲ ಹೆಜ್ಜೆ: ಟ್ಯಾಂಕ್ ಸಿದ್ಧವಿದೆಯೇ ಎಂದು ನೋಡುವುದು

ಟ್ಯಾಂಕ್ ಕಟ್ಟಿ ಆರು ತಿಂಗಳು ಕಳೆಯುವವರೆಗೆ ಹವಳಕ್ಕೆ ಪ್ರತ್ಯೇಕವಾಗಿ ಉಣಿಸದಿರುವುದು ಒಳ್ಳೆಯದು. ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ಬಳಗ ಕಲ್ಲು ಮತ್ತು ಮರಳಿನಲ್ಲಿ ನೆಲೆಯಾಗುವ ಮೊದಲು ಹಾಕಿದ ಆಹಾರವೆಲ್ಲ ಬೇಡದ ಪಾಚಿಗೇ ಹೋಗುತ್ತದೆ. ಹಳೆಯ ಟ್ಯಾಂಕಾದರೂ ಉಣಿಸಲು ಆರಂಭಿಸುವ ವಾರ ನೀರನ್ನು ಅಳೆದು ಬರೆದಿಟ್ಟುಕೊಳ್ಳಿ. ನಾನು ಗುರಿಯಾಗಿ ಇಟ್ಟುಕೊಂಡಿರುವ ಅಂಕಿಗಳು ಇವು: ಲವಣಾಂಶ ಸಾವಿರಕ್ಕೆ 35, ಅಂದರೆ 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ 1.026, ತಾಪಮಾನ 25ರಿಂದ 27 ಡಿಗ್ರಿ, ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಂ, ಕ್ಷಾರೀಯತೆ 8ರಿಂದ 9 ಡಿಕೆಎಚ್ (ಕ್ಷಾರೀಯತೆಯ ಅಳತೆಮಾನ), ಮೆಗ್ನೀಸಿಯಂ 1,250ರಿಂದ 1,350 ಮಿಲಿಗ್ರಾಂ, ನೈಟ್ರೇಟ್ 2ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.03ರಿಂದ 0.1 ಮಿಲಿಗ್ರಾಂ.

ಕೊನೆಯ ಎರಡು ಅಂಕಿಗಳೇ ಉಣಿಸುವವನ ಕೈಮರ. ನೈಟ್ರೇಟ್ 20 ದಾಟಿದ್ದರೆ ಆಹಾರ ಹೆಚ್ಚಿಸುವ ಮಾತು ಬೇಡ, ಮೊದಲು ನೀರು ಬದಲಿಸಿ. ಹಾಗೆಯೇ ಎರಡೂ ಸೊನ್ನೆಗೆ ಇಳಿದಿದ್ದರೆ ಅದನ್ನು ಶುಚಿತ್ವವೆಂದು ಸಂಭ್ರಮಿಸಬೇಡಿ. ಪೋಷಕಾಂಶ ಪೂರ್ತಿ ಬತ್ತಿದ ನೀರಿನಲ್ಲಿ ಹವಳ ಬಿಳಿಚಿಕೊಳ್ಳುತ್ತದೆ, ಕಂದು ಲೋಳೆಯಂತೆ ಕಾಣುವ ಡೈನೊಫ್ಲಾಜೆಲೇಟುಗಳೆಂಬ ಸೂಕ್ಷ್ಮಜೀವಿಗಳು ಮರಳನ್ನು ಆವರಿಸುತ್ತವೆ. ಅಂತಹ ಟ್ಯಾಂಕಿಗೆ ಮೊದಲ ಮದ್ದು ಮೀನಿಗೆ ಇನ್ನಷ್ಟು ಆಹಾರ ಕೊಡುವುದು. ಮೀನು ತಿಂದು ಕಿವಿರಿನಿಂದ ಬಿಡುವ ಅಮೋನಿಯಂ ಹವಳಕ್ಕೆ ಅತ್ಯಂತ ಸುಲಭವಾಗಿ ದಕ್ಕುವ ಸಾರಜನಕ. ಆರೇಳು ಆರೋಗ್ಯವಂತ ಮೀನುಗಳಿರುವ ಟ್ಯಾಂಕಿನಲ್ಲಿ ಹವಳಗಳು ಅರ್ಧ ಊಟವನ್ನು ಹೀಗೆ ಕೇಳದೆಯೇ ಪಡೆದಿರುತ್ತವೆ ಎಂಬುದು ನನ್ನ ಅನುಭವ.

ನೀರಿನ ವಿಷಯದಲ್ಲಿ ನಮ್ಮ ಭಾಗದವರು ಒಂದು ಎಚ್ಚರ ವಹಿಸಬೇಕು. ಸುಣ್ಣಕಲ್ಲಿನ ನೆಲದ ಬೋರ್‌ವೆಲ್ ನೀರು ಗಡುಸು ನೀರು; ಅದರಲ್ಲಿ ಕ್ಯಾಲ್ಸಿಯಂ ಹೇಗೂ ಇದೆಯಲ್ಲ ಎಂದು ನೇರವಾಗಿ ಬಳಸುವಂತಿಲ್ಲ, ಏಕೆಂದರೆ ಅದರ ಜೊತೆ ನೈಟ್ರೇಟ್ ಮೊದಲಾದವೂ ಬರುತ್ತವೆ, ಆವಿಯಾದಷ್ಟೂ ಉಳಿದುಕೊಳ್ಳುತ್ತವೆ. ಆರ್‌ಓ ಯಂತ್ರದಿಂದ ನೀರು ಹೊರಬರುವ ಕಡೆ, ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರಾಳದ ಒಂದು ಕೊಳವೆ ಜೋಡಿಸಿ, ಟಿಡಿಎಸ್ ಮೀಟರಿನಲ್ಲಿ ಸೊನ್ನೆ ತೋರಿಸುವ ನೀರನ್ನೇ ಬಳಸಿ.

ಎರಡನೆಯ ಹೆಜ್ಜೆ: ಬಾಯಿ ಅಳೆಯುವುದು

ರಾತ್ರಿ ದೀಪ ಆರಿದ ಒಂದು ಗಂಟೆಯ ನಂತರ ಮಂದವಾದ ಕೆಂಪು ಬೆಳಕಿನ ಟಾರ್ಚ್ ಹಿಡಿದು ಟ್ಯಾಂಕಿನ ಮುಂದೆ ಕುಳಿತುಕೊಳ್ಳಿ. ಆಹಾರ ತರುವ ಮೊದಲೇ, ಒಂದು ವಾರವಾದರೂ ಇದನ್ನು ಮಾಡಿ. ಹಗಲಿನಲ್ಲಿ ಮುದುಡಿಕೊಂಡು ಕಲ್ಲಿನಂತೆ ಕಂಡ ಫೇವಿಯಾ ರಾತ್ರಿ ಅಂಚಿನುದ್ದಕ್ಕೂ ಪಾರದರ್ಶಕ ಗ್ರಹಣಾಂಗಗಳನ್ನು ಹೊರಚಾಚಿರುತ್ತದೆ. ಯಾವ ಹವಳ ಎಷ್ಟು ಹೊತ್ತಿಗೆ ಅರಳುತ್ತದೆ, ಅದರ ಬಾಯಿ ಎಷ್ಟು ದೊಡ್ಡದು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ದೊಡ್ಡ ಪಾಲಿಪಿನ ಹವಳಗಳಾದ ಟ್ರ್ಯಾಕಿಫಿಲಿಯಾ, ಫಂಜಿಯಾ, ಸೈನರಿನಾ, ಅಕಾಂತಾಸ್ಟ್ರಿಯಾ ಮೊದಲಾದವು ಮೈಸಿಸ್ ಎಂಬ ಪುಟ್ಟ ಸೀಗಡಿಯನ್ನು ಇಡಿಯಾಗಿ ನುಂಗಬಲ್ಲವು. ಇವುಗಳಿಗೆ ವಾರಕ್ಕೆ ಒಂದು ಅಥವಾ ಎರಡು ಸಲ, ಒಂದೊಂದು ಬಾಯಿಗೆ ಒಂದೆರಡು ಮೈಸಿಸ್ ಸಾಕು. ಟಾರ್ಚ್, ಹ್ಯಾಮರ್ ಎಂದು ಕರೆಯುವ ಯೂಫಿಲಿಯಾ ಬಳಗಕ್ಕೆ ಉದ್ದನೆಯ ಗ್ರಹಣಾಂಗಗಳಿದ್ದರೂ ಬಾಯಿ ನಾವು ಊಹಿಸುವಷ್ಟು ದೊಡ್ಡದಲ್ಲ. ಮೈಸಿಸನ್ನು ಎರಡು ತುಂಡು ಮಾಡಿ ಕೊಡುವುದು ಲೇಸು. ಡಂಕನ್ ಹವಳ ಬಹಳ ಚುರುಕಿನ ಊಟಗಾರ, ಹೊಸಬರು ಕೈ ಪಳಗಿಸಿಕೊಳ್ಳಲು ಅದೇ ಒಳ್ಳೆಯದು. ಗೋನಿಯೊಪೊರಾ ನೋಡಲು ದೊಡ್ಡ ಹೂಗೊಂಚಲಿನಂತಿದ್ದರೂ ಅದರ ಬಾಯಿ ಚಿಕ್ಕದು, ಅದಕ್ಕೆ ಪುಡಿಯಂತಹ ನಯವಾದ ಆಹಾರ ಬೇಕು.

ಅಕ್ರೊಪೊರಾ, ಮಾಂಟಿಪೊರಾ, ಸ್ಟೈಲೊಫೊರಾ ಮೊದಲಾದ ಸಣ್ಣ ಪಾಲಿಪಿನ ಹವಳಗಳ ಬಾಯಿ ಒಂದು ಮಿಲಿಮೀಟರಿಗೂ ಕಡಿಮೆ. ಇವುಗಳಿಗೆ ರೋಟಿಫರ್, ಕೋಪೆಪಾಡಿನ ಮರಿಗಳು, ಆರ್ಟೀಮಿಯಾ ಎಂಬ ಉಪ್ಪುನೀರಿನ ಸೀಗಡಿಯ ಆಗತಾನೆ ಮೊಟ್ಟೆಯೊಡೆದ ಮರಿಗಳು, ಇಂತಹ ಸೂಕ್ಷ್ಮ ಪ್ರಾಣಿಗಳು ಸರಿಹೊಂದುತ್ತವೆ. ಹಸಿರು ಸಸ್ಯಪ್ಲವಕದ ಬಾಟಲಿಯನ್ನು ಹವಳದ ಆಹಾರವೆಂದು ಮಾರುವುದುಂಟು. ಬಹುಪಾಲು ಕಲ್ಲುಹವಳಗಳು ಅದನ್ನು ನೇರವಾಗಿ ತಿನ್ನುವುದು ಕಡಿಮೆ, ಅದರಿಂದ ಹೊಟ್ಟೆ ತುಂಬಿಸಿಕೊಳ್ಳುವುದು ರೋಟಿಫರ್ ಮತ್ತು ಕೋಪೆಪಾಡುಗಳು. ಅವುಗಳನ್ನು ಸಾಕುವ ಉದ್ದೇಶವಿದ್ದರೆ ಕೊಳ್ಳಿ, ಇಲ್ಲದಿದ್ದರೆ ಆ ಹಣವನ್ನು ಒಳ್ಳೆಯ ಫಾಸ್ಫೇಟ್ ಪರೀಕ್ಷಾ ಕಿಟ್ಟಿಗೆ ಹಾಕಿ.

ಮೂರನೆಯ ಹೆಜ್ಜೆ: ಆಹಾರ ಸಿದ್ಧಪಡಿಸುವುದು

ಕಲಬುರಗಿಯಲ್ಲಿ ಕುಳಿತವರಿಗೆ ಹೆಪ್ಪುಗಟ್ಟಿಸಿದ ಮೈಸಿಸ್ ಬರುವುದು ದೂರದಿಂದ. ದಾರಿಯಲ್ಲಿ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಪೊಟ್ಟಣವನ್ನು ಗುರುತಿಸಲು ಕಲಿಯಿರಿ: ಚೌಕಗಳ ಅಂಚು ಮೊಂಡಾಗಿರುತ್ತದೆ, ಮೂಲೆಯಲ್ಲಿ ಕಂದು ಬಣ್ಣದ ಐಸ್ ಸೇರಿಕೊಂಡಿರುತ್ತದೆ, ಬಿಡಿಸಿದಾಗ ಸೀಗಡಿಗಳು ಇಡಿಯಾಗಿರದೆ ಪುಡಿಯಾಗಿರುತ್ತವೆ. ಅಂತಹದ್ದನ್ನು ಎಸೆದುಬಿಡಿ. ಬೇಸಿಗೆಯಲ್ಲಿ ತಾಸುಗಟ್ಟಲೆ ಕರೆಂಟ್ ಇಲ್ಲದ ದಿನ ನಿಮ್ಮದೇ ಫ್ರೀಜರಿನಲ್ಲಿಯೂ ಇದೇ ಆಗುತ್ತದೆ. ಆದ್ದರಿಂದ ಮೂರು ತಿಂಗಳಿಗಾಗುವಷ್ಟು ಒಟ್ಟಿಗೆ ತರಿಸಬೇಡಿ. ಬಳಸುವಾಗ ಬೇಕಾದಷ್ಟನ್ನು ಒಂದು ಬಟ್ಟಲು ಟ್ಯಾಂಕಿನ ನೀರಿನಲ್ಲಿ ಕರಗಿಸಿ, ಸಣ್ಣ ಜಾಲರಿಯಲ್ಲಿ ಸೋಸಿ, ಆ ನೀರನ್ನು ಚೆಲ್ಲಿ, ಮತ್ತೆ ಸ್ವಚ್ಛ ಟ್ಯಾಂಕ್ ನೀರಿನಲ್ಲಿ ಹಾಕಿ. ಮೊದಲ ನೀರಿನ ಒಂದೆರಡು ಚಮಚವನ್ನು ಮಾತ್ರ ಬೇರೆ ಎತ್ತಿಟ್ಟುಕೊಳ್ಳಿ, ಅದರ ಉಪಯೋಗ ಮುಂದೆ ಹೇಳುತ್ತೇನೆ.

ಮಾರುಕಟ್ಟೆಯಲ್ಲಿ ಐಸ್ ಹಾಕಿ ಮಾರುವ ಸೀಗಡಿಯನ್ನೂ ಬಳಸಬಹುದು. ಸಿಪ್ಪೆ ಮತ್ತು ಬೆನ್ನಿನ ಕರುಳು ತೆಗೆದು, ತೊಳೆದು, ಅಕ್ಕಿಕಾಳಿಗಿಂತ ಸಣ್ಣಗೆ ಹೆಚ್ಚಿಕೊಳ್ಳಿ. ಸಂಸ್ಕರಿಸಿ ಪೊಟ್ಟಣ ಕಟ್ಟಿದ ಸೀಗಡಿಯಾದರೆ ಅದರಲ್ಲಿ ನೀರು ಹಿಡಿದಿಡಲೆಂದು ಫಾಸ್ಫೇಟ್ ಲವಣ ಸೇರಿಸಿದೆಯೇ ಎಂದು ಹಿಂಬದಿಯ ಪಟ್ಟಿಯಲ್ಲಿ ಓದಿ. ಸೇರಿಸಿದ್ದರೆ ಅದು ಟ್ಯಾಂಕಿಗೆ ಬೇಡ. ಭೀಮೆಯ ಅಥವಾ ಕೆರೆಯ ಸಿಹಿನೀರಿನ ಮೀನು ಸುಲಭವಾಗಿ ಸಿಗುತ್ತದೆಂದು ಅದನ್ನೇ ದಿನವೂ ಕೊಡುವುದನ್ನು ನಾನು ಒಪ್ಪುವುದಿಲ್ಲ, ಸಮುದ್ರದ ಜೀವಿಗೆ ಬೇಕಾದ ಕೊಬ್ಬಿನ ಆಮ್ಲಗಳು ಸಮುದ್ರದ ಆಹಾರದಲ್ಲಿಯೇ ಚೆನ್ನಾಗಿವೆ.

ಇವೆಲ್ಲಕ್ಕಿಂತ ನನಗೆ ನಂಬಿಕೆಯಿರುವುದು ಮನೆಯಲ್ಲಿಯೇ ಒಡೆಸಿದ ಆರ್ಟೀಮಿಯಾ ಮರಿಗಳಲ್ಲಿ. ಇದರ ಮೊಟ್ಟೆಗಳು ಒಣಗಿದ ಸ್ಥಿತಿಯಲ್ಲಿ ಡಬ್ಬಿಯಲ್ಲಿ ಬರುತ್ತವೆ, ತಂಪಾದ ಒಣ ಜಾಗದಲ್ಲಿ ಬಹುಕಾಲ ಕೆಡುವುದಿಲ್ಲ. ಫ್ರೀಜರ್ ನೆಚ್ಚಲಾಗದ ಊರಿಗೆ ಇದಕ್ಕಿಂತ ತಕ್ಕ ಆಹಾರವಿಲ್ಲ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ, ಬಿರಡೆಯ ಬಳಿ ಏರ್ ಪಂಪಿನ ಕೊಳವೆ ಇಳಿಬಿಡಿ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಸಮುದ್ರ ಲವಣ ಬೆರೆಸಿ, ಅರ್ಧ ಚಮಚಕ್ಕೂ ಕಡಿಮೆ ಮೊಟ್ಟೆ ಹಾಕಿ, ಗಾಳಿಯ ಗುಳ್ಳೆಗಳು ಎಲ್ಲವನ್ನೂ ಕಲಕುತ್ತಿರುವಂತೆ ನೋಡಿಕೊಳ್ಳಿ, ಹತ್ತಿರ ಒಂದು ಬಲ್ಬ್ ಹಚ್ಚಿಡಿ. ನೀರು 26ರಿಂದ 28 ಡಿಗ್ರಿ ಇದ್ದರೆ ಸುಮಾರು 24 ತಾಸಿನಲ್ಲಿ ಕಿತ್ತಳೆ ಬಣ್ಣದ ಮರಿಗಳು ಹೊರಬರುತ್ತವೆ. ವರ್ಷದ ಬಹುಭಾಗ ನಮಗೆ ಹೀಟರ್ ಬೇಕಾಗುವುದಿಲ್ಲ. ಡಿಸೆಂಬರ್, ಜನವರಿಯ ಚಳಿಯ ರಾತ್ರಿಗಳಲ್ಲಿ ಮಾತ್ರ ಮೊಟ್ಟೆ ಒಡೆಯುವುದು ತಡವಾಗುತ್ತದೆ.

ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಸಿಪ್ಪೆಗಳು ಮೇಲೆ ತೇಲುತ್ತವೆ, ಒಡೆಯದ ಮೊಟ್ಟೆಗಳು ತಳಕ್ಕೆ ಇಳಿಯುತ್ತವೆ, ಮರಿಗಳು ಬೆಳಕಿರುವ ಕಡೆ ಗುಂಪುಗೂಡುತ್ತವೆ. ಸಣ್ಣ ಕೊಳವೆಯಿಂದ ಮರಿಗಳನ್ನಷ್ಟೇ ಹೀರಿ, ಒತ್ತಾದ ನೇಯ್ಗೆಯ ತೆಳು ಬಟ್ಟೆಯಲ್ಲಿ ಸೋಸಿ, ಟ್ಯಾಂಕಿನ ನೀರಿನಲ್ಲಿ ತೊಳೆಯಿರಿ. ಹುಟ್ಟಿದ ಮರಿಗೆ ಮೊದಲ ಕೆಲವು ತಾಸು ಬಾಯಿಯಿಲ್ಲ, ತನ್ನೊಳಗಿನ ಹಳದಿಯನ್ನೇ ಕರಗಿಸಿಕೊಂಡು ಬದುಕುತ್ತದೆ; ತಡಮಾಡಿದಷ್ಟೂ ಅದರ ಸತ್ವ ಇಳಿಯುತ್ತದೆ. ಹಾಗಾಗಿ ಉಣಿಸಬೇಕಾದ ಹಿಂದಿನ ಸಂಜೆಯೇ ಮೊಟ್ಟೆ ಹಾಕುವ ಲೆಕ್ಕ ಇಟ್ಟುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಉಣಿಸುವುದು

ಮೊದಲು ಮೀನುಗಳಿಗೆ ಹೊಟ್ಟೆ ತುಂಬ ಕೊಡಿ. ಹಸಿದ ಮೀನು ಹವಳದ ಬಾಯೊಳಗಿನ ತುತ್ತನ್ನೂ ಎಳೆದು ತಿನ್ನುತ್ತದೆ, ಎಳೆಯುವಾಗ ಅಂಗಾಂಶವನ್ನೂ ಹರಿಯುತ್ತದೆ. ಆಮೇಲೆ ಸಂಪಿನಿಂದ (ಶೋಧಕಗಳಿರುವ ಕೆಳಗಿನ ತೊಟ್ಟಿಯಿಂದ) ಟ್ಯಾಂಕಿಗೆ ನೀರು ಎತ್ತುವ ಪಂಪನ್ನೂ, ನೊರೆ ಎಬ್ಬಿಸಿ ನೀರಿನ ಕಸ ತೆಗೆಯುವ ಸ್ಕಿಮ್ಮರನ್ನೂ ನಿಲ್ಲಿಸಿ. ಟ್ಯಾಂಕಿನೊಳಗಿನ ಅಲೆಯ ಪಂಪನ್ನು ಪೂರ್ತಿ ನಿಲ್ಲಿಸದೆ ಅತಿ ಕಡಿಮೆ ವೇಗಕ್ಕೆ ಇಳಿಸಿ. ಅಂತಹ ಸೌಲಭ್ಯವಿಲ್ಲದಿದ್ದರೆ ಹದಿನೈದು ನಿಮಿಷದ ಮಟ್ಟಿಗೆ ನಿಲ್ಲಿಸಿ. ನಿಲ್ಲಿಸಿದ್ದನ್ನು ಮರೆಯುವುದು ಸುಲಭ, ಆದ್ದರಿಂದ ಮೊಬೈಲಿನಲ್ಲಿ ಅಲಾರಂ ಇಟ್ಟೇ ಸ್ವಿಚ್ ಮುಟ್ಟಿ.

ಈಗ ಎತ್ತಿಟ್ಟ ಮೈಸಿಸ್ ನೀರಿನ ಕೆಲವು ಹನಿಗಳನ್ನು ಹವಳಗಳ ಮೇಲ್ಗಡೆ ಬಿಡಿ. ಅದರಲ್ಲಿ ಕರಗಿರುವ ಅಮೈನೊ ಆಮ್ಲಗಳ ವಾಸನೆಗೆ ಹವಳಗಳು ಎಚ್ಚರಗೊಳ್ಳುತ್ತವೆ. ಪ್ರೋಲೀನ್ ಮತ್ತು ಗ್ಲುಟಾಥಯೋನ್ ಎಂಬ ಪದಾರ್ಥಗಳು ಹವಳಗಳಲ್ಲಿ ಉಣ್ಣುವ ಚಲನೆಯನ್ನು ಎಬ್ಬಿಸುವುದು ಪ್ರಯೋಗಗಳಿಂದ ತಿಳಿದ ಸಂಗತಿ. ಹತ್ತು ಹದಿನೈದು ನಿಮಿಷದಲ್ಲಿ ಗ್ರಹಣಾಂಗಗಳು ಉಬ್ಬುತ್ತವೆ, ಬಾಯಿ ತುಸು ತೆರೆದುಕೊಳ್ಳುತ್ತದೆ. ಅರಳದ ಹವಳಕ್ಕೆ ಅಂದು ಊಟವಿಲ್ಲ. ಮುದುಡಿದ ಹವಳದ ಮೇಲೆ ಆಹಾರ ಸುರಿಯುವುದು ನಿದ್ದೆಯಲ್ಲಿರುವ ಕೂಸಿನ ಬಾಯಿಗೆ ಅನ್ನ ತುರುಕಿದಂತೆ.

ಸೂಜಿ ತೆಗೆದ ಸಿರಿಂಜಿಗೆ ಒಂದಡಿ ಉದ್ದದ ಗಟ್ಟಿ ಏರ್‌ಲೈನ್ ಕೊಳವೆ ಸಿಕ್ಕಿಸಿದರೆ ಉಣಿಸುವ ಸಾಧನ ಸಿದ್ಧ. ಕೊಳವೆಯ ತುದಿಯನ್ನು ಪಾಲಿಪಿನಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಹಿಡಿದು, ತುತ್ತು ತಾನಾಗಿ ಜಾರಿ ಗ್ರಹಣಾಂಗದ ಮೇಲೆ ಬೀಳುವಂತೆ ನಿಧಾನವಾಗಿ ಒತ್ತಿ. ಗಟ್ಟಿಯಾಗಿ ಒತ್ತಿದರೆ ಹವಳ ಹೆದರಿ ಮುಚ್ಚಿಕೊಳ್ಳುತ್ತದೆ. ತುತ್ತು ಗ್ರಹಣಾಂಗಕ್ಕೆ ಅಂಟಿಕೊಂಡರೆ ಕುಟುಕು ಕೋಶಗಳು ಕೆಲಸ ಮಾಡಿದವೆಂದು ಅರ್ಥ. ಅಲ್ಲಿಂದ ಬಾಯಿಗೆ ಸಾಗಲು ಯೂಫಿಲಿಯಾಕ್ಕೆ ಕೆಲವೇ ನಿಮಿಷ ಸಾಕು, ಟ್ರ್ಯಾಕಿಫಿಲಿಯಾ ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಕ್ಲೀನರ್ ಸೀಗಡಿ ಸಾಕಿದವರು ಈ ಹೊತ್ತಿನಲ್ಲಿ ಕಾವಲು ಕೂರಬೇಕು, ಏಕೆಂದರೆ ಅದು ಹವಳದ ಬಾಯೊಳಗೆ ಕಾಲಿಟ್ಟು ಊಟ ಕಸಿಯುವುದರಲ್ಲಿ ಮೀನಿಗಿಂತ ನಿಪುಣ. ತಳ ಕತ್ತರಿಸಿದ ನೀರಿನ ಬಾಟಲಿಯ ಮೇಲ್ಭಾಗವನ್ನು ಗುಮ್ಮಟದಂತೆ ಹವಳದ ಮೇಲೆ ಬೋರಲು ಹಾಕಿದರೆ ಈ ಕಾಟ ತಪ್ಪುತ್ತದೆ. ಬಾಟಲಿಯ ಬಾಯಿಯಿಂದಲೇ ಕೊಳವೆ ಇಳಿಸಿ ಉಣಿಸಬಹುದು.

ಸಣ್ಣ ಪಾಲಿಪಿನ ಹವಳಗಳಿಗೆ ಒಂದೊಂದಾಗಿ ಉಣಿಸುವುದು ಆಗದ ಮಾತು. ಆರ್ಟೀಮಿಯಾ ಮರಿಗಳನ್ನು ಒಂದು ಲೋಟ ಟ್ಯಾಂಕ್ ನೀರಿನಲ್ಲಿ ಕಲಸಿ, ಅಲೆಯ ಪಂಪ್ ಮೆಲ್ಲಗೆ ತಿರುಗುತ್ತಿರುವಾಗ ಹವಳದ ಹರಿವಿನ ಮೇಲ್ಗಡೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ನೀರು ಪೂರ್ತಿ ನಿಂತಿದ್ದರೆ ಇವು ಹಿಡಿಯಲಾರವು, ಬಿರುಸಾಗಿ ಹರಿದರೂ ಹಿಡಿಯಲಾರವು. ವಾರಕ್ಕೆ ಎರಡು ಸಲ ಸಾಕು.

ಅರ್ಧ ಗಂಟೆಯೊಳಗೆ ಎಲ್ಲ ಪಂಪುಗಳೂ ಮತ್ತೆ ನಡೆಯಬೇಕು. ಸ್ಕಿಮ್ಮರನ್ನು ಮಾತ್ರ ಇನ್ನೊಂದು ತಾಸು ಬಿಟ್ಟು ಹಚ್ಚಿ, ಇಲ್ಲವಾದರೆ ತೇಲುತ್ತಿರುವ ಮರಿಗಳನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ.

ಬೆಳಕು ಉಣ್ಣದ ಹವಳ

ಟ್ಯೂಬಾಸ್ಟ್ರಿಯಾ, ಅಂದರೆ ಸನ್ ಕೋರಲ್, ತನ್ನ ಹೆಸರಿನ ಸೂರ್ಯನಿಂದ ಏನನ್ನೂ ಪಡೆಯುವುದಿಲ್ಲ. ಅದರೊಳಗೆ ಝೂಕ್ಸಾಂಥೆಲ್ಲೆ ಇಲ್ಲ, ಆದ್ದರಿಂದ ಅದು ಬದುಕುವುದು ಪೂರ್ತಿಯಾಗಿ ತುತ್ತಿನಿಂದ. ಪ್ರತಿಯೊಂದು ಪಾಲಿಪಿಗೂ ವಾರಕ್ಕೆ ಕನಿಷ್ಠ ಎರಡು ಮೂರು ಸಲ ಮೈಸಿಸ್ ಅಥವಾ ಸೀಗಡಿ ಚೂರು ತಲುಪಬೇಕು. ಪಕ್ಕದ ಪಾಲಿಪ್ ಉಂಡಿತೆಂದು ದೂರದ ಪಾಲಿಪ್ ಕೊಬ್ಬುವುದಿಲ್ಲ. ಅಂಚಿನಲ್ಲಿ ಉಪವಾಸ ಬಿದ್ದವು ಒಂದೊಂದಾಗಿ ಕುಗ್ಗಿ ಬರಿಯ ಕಲ್ಲಾಗುತ್ತವೆ.

ಹೊಸದಾಗಿ ತಂದ ಸನ್ ಕೋರಲ್ ಹಲವು ದಿನ ಮುಚ್ಚಿಕೊಂಡೇ ಇರುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ ಬಾಟಲಿಯ ಗುಮ್ಮಟ ಹಾಕಿ, ಒಳಗೆ ಮೈಸಿಸ್ ನೀರಿನ ಕೆಲವು ಹನಿ ಬಿಟ್ಟು, ಇಪ್ಪತ್ತು ಮೂವತ್ತು ನಿಮಿಷ ಕಾಯಿರಿ. ಮೊದಲು ಒಂದೆರಡು ಪಾಲಿಪ್ ಇಣುಕುತ್ತವೆ, ಅವಕ್ಕೆ ಉಣಿಸಿ. ಒಂದೆರಡು ವಾರದಲ್ಲಿ ಅದು ಹೊತ್ತನ್ನು ಕಲಿತುಕೊಂಡು, ನೀವು ಸಿರಿಂಜ್ ಹಿಡಿಯುವ ವೇಳೆಗೆ ಅರಳಿ ನಿಲ್ಲುತ್ತದೆ. ಈ ಹವಳದ ಹಳದಿ ಹೂಗಳು ಮನಸ್ಸನ್ನು ಸೆಳೆಯುತ್ತವೆ, ನಿಜ. ಆದರೆ ವಾರಕ್ಕೆ ಮೂರು ಸಂಜೆ ಮುಕ್ಕಾಲು ಗಂಟೆ ಕೊಡಲಾಗದವರು ಇದನ್ನು ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತಂದರೆ ಅದು ಆರು ತಿಂಗಳ ಹಸಿವಿನ ಸಾವು.

ಬೇಸಿಗೆಯ ಲೆಕ್ಕ

ಶರಣಬಸವೇಶ್ವರ ಜಾತ್ರೆ ಮುಗಿದ ಮೇಲೆ ಬಿಸಿಲು ಏರತೊಡಗಿದಂತೆ ಉಣಿಸುವ ಪದ್ಧತಿಯನ್ನೂ ಬದಲಿಸಬೇಕು. ಕಾರಣ ಆಮ್ಲಜನಕ. ಸಮುದ್ರದ ನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 6.2. ಅದೇ ಹೊತ್ತಿನಲ್ಲಿ ಬಿಸಿ ಹೆಚ್ಚಿದಷ್ಟೂ ಮೀನು, ಹವಳ, ಬ್ಯಾಕ್ಟೀರಿಯಾ ಎಲ್ಲವೂ ಹೆಚ್ಚು ಉಸಿರಾಡುತ್ತವೆ. ರಾತ್ರಿ ಪಾಚಿಗಳು ಆಮ್ಲಜನಕ ಕೊಡುವುದಿಲ್ಲ, ತಾವೂ ತೆಗೆದುಕೊಳ್ಳುತ್ತವೆ. ಇಂತಹ ರಾತ್ರಿಯಲ್ಲಿ ಉಣ್ಣದೆ ಉಳಿದ ಆಹಾರ ಕೊಳೆಯತೊಡಗಿದರೆ ಇದ್ದ ಆಮ್ಲಜನಕವೂ ಅದಕ್ಕೇ ಹೋಗುತ್ತದೆ.

ನನಗೆ ಆದದ್ದು ಇದೇ. ಒಂದು ಮೇ ತಿಂಗಳ ರಾತ್ರಿ ಒಂಬತ್ತಕ್ಕೆ ಸನ್ ಕೋರಲ್‌ಗೂ ಉಳಿದವುಗಳಿಗೂ ಧಾರಾಳವಾಗಿ ಉಣಿಸಿ ಮಲಗಿದೆ. ಹನ್ನೊಂದರ ನಂತರ ಗಾಳಿಮಳೆಗೆ ಕರೆಂಟ್ ಹೋಯಿತು, ಬೆಳಗಿನ ನಾಲ್ಕರವರೆಗೆ ಬರಲಿಲ್ಲ. ಎದ್ದು ನೋಡಿದಾಗ ನೀರು ಹಾಲು ಬೆರೆಸಿದಂತಿತ್ತು, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಮೂರು ದಿನದಲ್ಲಿ ಎರಡು ವರ್ಷ ಸಾಕಿದ ಟಾರ್ಚ್ ಹವಳದ ತಲೆಗಳು ಕಂದು ಲೋಳೆಯಾಗಿ ಕರಗಿದವು. ಅದು ಇಂದಿಗೂ ನನ್ನನ್ನು ನೋಯಿಸುತ್ತದೆ, ಏಕೆಂದರೆ ಒಂದು ಇನ್ವರ್ಟರಿನ ತಂತಿಯನ್ನು ಅಲೆಯ ಪಂಪಿಗೆ ಎಳೆದಿದ್ದರೆ ಅಷ್ಟೂ ತಪ್ಪುತ್ತಿತ್ತು.

ಆದ್ದರಿಂದ ಏಪ್ರಿಲ್‌ನಿಂದ ಜೂನ್ ಮಳೆ ಹಿಡಿಯುವವರೆಗೆ ಹೀಗೆ ಮಾಡಿ. ಇನ್ವರ್ಟರಿನ ಮೇಲೆ ಒಂದು ಅಲೆಯ ಪಂಪಾದರೂ ಇರಲಿ, ಜೊತೆಗೆ ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಒಂದನ್ನು ಕೈಗೆ ಸಿಗುವಂತೆ ಇಡಿ. ಒಮ್ಮೆ ಕೊಡುವ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ. ಉಣಿಸುವ ಹೊತ್ತನ್ನು ಸಂಜೆಗೆ, ದೀಪ ಆರುವ ಒಂದು ತಾಸು ಮುಂಚೆಗೆ ತನ್ನಿ. ಹೊಸ ಹೊತ್ತಿಗೆ ಹವಳಗಳು ಕೆಲವು ದಿನದಲ್ಲಿ ಹೊಂದಿಕೊಳ್ಳುತ್ತವೆ, ನೀವೂ ಎಚ್ಚರವಾಗಿರುತ್ತೀರಿ. ಮೋಡ ಕವಿದು ಗಾಳಿ ಎದ್ದ ಸಂಜೆ ಉಣಿಸಲೇಬೇಡಿ. ನೀರಿನ ಮೇಲ್ಮೈಗೆ ಒಂದು ಸಣ್ಣ ಫ್ಯಾನ್ ತಿರುಗಿಸಿಟ್ಟರೆ ನಮ್ಮ ಒಣ ಬೇಸಿಗೆಯಲ್ಲಿ ಆವಿಯಾಗುವಿಕೆಯಿಂದಲೇ ತಾಪಮಾನ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಈ ಉಪಾಯ ಇಷ್ಟು ಫಲಿಸುವುದಿಲ್ಲ. ಆವಿಯಾದಷ್ಟು ಉಪ್ಪಿಲ್ಲದ ಶುದ್ಧ ನೀರನ್ನು ದಿನವೂ ತುಂಬಬೇಕು.

ನೀರು 30 ಡಿಗ್ರಿ ದಾಟಿ ಹಲವು ದಿನ ಉಳಿದರೆ ಹವಳ ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಯಾಗಬಹುದು. ಬಿಳಿಯಾದ ಹವಳ ಸತ್ತ ಹವಳವಲ್ಲ, ಹಸಿದ ಹವಳ. ಹವಾಯಿಯ ಹವಳಗಳ ಕುರಿತು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಳಿಚಿದ ಮಾಂಟಿಪೊರಾ ಕ್ಯಾಪಿಟಾಟಾ ತನ್ನ ಬೇಟೆಯನ್ನು ಹಲವು ಪಟ್ಟು ಹೆಚ್ಚಿಸಿಕೊಂಡು ದಿನದ ಶಕ್ತಿಯನ್ನೆಲ್ಲ ಅದರಿಂದಲೇ ಗಳಿಸಿತು. ಜೊತೆಯಲ್ಲಿದ್ದ ಪೊರೈಟಿಸ್ ಹವಳಗಳಿಗೆ ಅದು ಸಾಧ್ಯವಾಗಲಿಲ್ಲ. ಹಾಗಾಗಿ ಮೊದಲು ತಾಪಮಾನ ಇಳಿಸಿ, ಬೆಳಕನ್ನು ತುಸು ಮಂದ ಮಾಡಿ, ಆಮೇಲೆ ಅರಳಿದ ಪಾಲಿಪುಗಳಿಗೆ ಆರ್ಟೀಮಿಯಾ ಮರಿಗಳನ್ನು ಎರಡು ದಿನಕ್ಕೊಮ್ಮೆ ತೀರ ಸ್ವಲ್ಪ ಕೊಡಿ.

ಮರುದಿನದ ಕೆಲಸ

ಹವಳಕ್ಕೆ ಒಂದೇ ಬಾಯಿ ಎಂದು ಮೊದಲೇ ಹೇಳಿದ್ದೆ. ತುತ್ತು ದೊಡ್ಡದಾದರೆ, ಇಲ್ಲವೆ ಹಳಸಿದ್ದರೆ, ಕೆಲವು ತಾಸಿನ ನಂತರ ಅದೇ ಬಾಯಿಯಿಂದ ಲೋಳೆ ಸುತ್ತಿದ ಉಂಡೆಯಾಗಿ ಹೊರಬೀಳುತ್ತದೆ. ಅರಗಿದ ಊಟದ ಉಳಿಕೆ ನಯವಾದ ಕಂದು ಎಳೆಯಂತಿರುತ್ತದೆ; ಅರಗದ ತುತ್ತಿನಲ್ಲಿ ಸೀಗಡಿಯ ಆಕಾರ ಇನ್ನೂ ಗುರುತು ಸಿಗುತ್ತದೆ. ಎರಡನೆಯದನ್ನು ಕಂಡರೆ ಮುಂದಿನ ಸಲ ತುತ್ತನ್ನು ಅರ್ಧ ಮಾಡಿ. ಎರಡು ಸಲ ಹಾಗೇ ಆದರೆ ಒಂದು ವಾರ ಬಿಟ್ಟುಬಿಡಿ.

ವಾರಕ್ಕೊಮ್ಮೆ ನೈಟ್ರೇಟ್, ಫಾಸ್ಫೇಟ್ ಮತ್ತು ಕ್ಷಾರೀಯತೆ ಅಳೆಯಿರಿ. ಉಣಿಸತೊಡಗಿದ ಎರಡು ಮೂರು ತಿಂಗಳಲ್ಲಿ ಕ್ಷಾರೀಯತೆ ಮೊದಲಿಗಿಂತ ಬೇಗ ಇಳಿಯುವುದು ಕಂಡರೆ ಅದು ಒಳ್ಳೆಯ ಲಕ್ಷಣ, ಹವಳ ಅಸ್ಥಿ ಕಟ್ಟುತ್ತಿದೆ. ಅಸ್ಥಿ ಕಟ್ಟುವಾಗ 2.8 ಡಿಕೆಎಚ್ ಕ್ಷಾರೀಯತೆಗೆ ಸುಮಾರು 20 ಮಿಲಿಗ್ರಾಂ ಕ್ಯಾಲ್ಸಿಯಂ ಖರ್ಚಾಗುತ್ತದೆ. ಎರಡನ್ನೂ ಆ ಪ್ರಮಾಣದಲ್ಲಿಯೇ ತುಂಬಿಕೊಡಿ. ಆಹಾರ ಹೆಚ್ಚಿಸಿ ಇವುಗಳನ್ನು ಹೆಚ್ಚಿಸದಿದ್ದರೆ ಬೆಳವಣಿಗೆ ಅಲ್ಲಿಯೇ ನಿಲ್ಲುತ್ತದೆ. ಫಾಸ್ಫೇಟ್ ಏರುತ್ತಲೇ ಹೋದರೆ ನೀರಿಗೆ ಔಷಧ ಹಾಕುವುದಕ್ಕಿಂತ ಊಟದ ಒಂದು ಸರದಿಯನ್ನು ಕೈಬಿಡುವುದು ಸುಲಭವೂ ಸುರಕ್ಷಿತವೂ ಹೌದು.

ಊರಿಗೆ ಅಥವಾ ಮದುವೆಗೆಂದು ಹತ್ತು ಹದಿನೈದು ದಿನ ಹೋಗಬೇಕಾದರೆ ಬೆಳಕಿನ ಹವಳಗಳ ಬಗ್ಗೆ ಚಿಂತೆ ಬೇಡ. ಅವು ಝೂಕ್ಸಾಂಥೆಲ್ಲೆ ಮತ್ತು ಮೀನುಗಳ ಅಮೋನಿಯಂನ ಆಸರೆಯಲ್ಲಿ ಇರುತ್ತವೆ. ಮನೆ ನೋಡಿಕೊಳ್ಳುವವರಿಗೆ ಮೀನಿನ ಆಹಾರವನ್ನು ದಿನಕ್ಕೊಂದರಂತೆ ಕಾಗದದ ಪೊಟ್ಟಣ ಕಟ್ಟಿ ಕೊಡಿ, ಶುದ್ಧ ನೀರು ತುಂಬಬೇಕಾದ ಗೆರೆಯನ್ನು ಗಾಜಿನ ಮೇಲೆ ಎಳೆದಿಡಿ, ಹವಳದ ಸಿರಿಂಜನ್ನೂ ಮೈಸಿಸ್ ಪೊಟ್ಟಣವನ್ನೂ ಅವರ ಕೈಗೆ ಸಿಗದಂತೆ ಎತ್ತಿಡಿ. ಸನ್ ಕೋರಲ್ ಇದ್ದರೆ ಮಾತ್ರ, ಹೊರಡುವ ಒಂದು ತಿಂಗಳ ಮೊದಲೇ ಯಾರಾದರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಮ್ಮಟ ಹಾಕುವುದರಿಂದ ಹಿಡಿದು ತೆಗೆಯುವವರೆಗೆ ಕಲಿಸಿ. ನಮ್ಮ ಮನೆಯಲ್ಲಿ ಈಗ ಆ ಕೆಲಸ ಅವ್ವನದು. ಯಾವ ಮೂಲೆಯ ಪಾಲಿಪ್ ನಿನ್ನೆ ಉಣ್ಣಲಿಲ್ಲ ಎಂಬುದನ್ನು ಆಕೆ ನನಗಿಂತ ಚೆನ್ನಾಗಿ ನೆನಪಿಟ್ಟಿರುತ್ತಾಳೆ.